ಒಂದು ಸ್ವರದ ಆಯುಸ್ಸು

ನಮ್ಮ ಬಸವೇಶ್ವರನಗರದ ಮನೆಯ ಸುತ್ತಮುತ್ತ ಹುಟ್ಟುವ ಸದ್ದುಗಳಲ್ಲಿ ಅಲ್ಪಾಯುಷಿ ಎಂದರೆ ನನ್ನ ಗಿಟಾರಿನದು ಒಂದೇ. ಎದುರು ಮನೆಯವರ ಕಾರು ಹಿಂದಕ್ಕೆ ಬರುವಾಗ ಹಾಡುವ ಭಕ್ತಿಗೀತೆ ಕಾರು ನಿಂತ ಮೇಲೂ ನಿಲ್ಲುವುದಿಲ್ಲ. ಕೆಳಗಿನ ಪೋರ್ಷನ್ನಿನಲ್ಲಿ ಬಾಡಿಗೆಗಿರುವ ಹಲ್ಲಿನ ಡಾಕ್ಟರ ಯಂತ್ರ ಒಮ್ಮೆ ಶ್ರುತಿ ಹಿಡಿಯಿತೆಂದರೆ ರೋಗಿಯ ಸಹನೆ ಮುಗಿದರೂ ಅದರ ಉಸಿರು ಮುಗಿಯುವುದಿಲ್ಲ. ಪಕ್ಕದ ಸೈಟಿನಲ್ಲಿ ಟೈಲ್ಸ್ ಕೊಯ್ಯುವವನಂತೂ ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗೆ ಒಂದೇ ಸ್ವರವನ್ನು ಎಳೆಯಬಲ್ಲ. ಈ ದೀರ್ಘಾಯುಷಿಗಳ ನಡುವೆ, ಸಂಗೀತವೆಂಬ ಹೆಸರಿಟ್ಟುಕೊಂಡು ನಾನು ಮೀಟುವ ಸ್ವರ ಮಾತ್ರ ಟಪ್ಪೆಂದು ಬಿದ್ದು ಸಾಯುತ್ತಿತ್ತು.

ಎಲೆಕ್ಟ್ರಿಕ್ ಗಿಟಾರು ಬಾರಿಸುವವರು ಈ ಆಯುಸ್ಸಿಗೆ ಸಸ್ಟೇನ್ ಎನ್ನುತ್ತಾರೆ. ತಂತಿಯನ್ನು ಮೀಟಿ ಕೈ ತೆಗೆದ ಮೇಲೆ ಸ್ವರ ಎಷ್ಟು ಹೊತ್ತು ಬದುಕಿರುತ್ತದೆ ಎಂಬುದೇ ಅದು. ನಾನು ಪಿಯು ಕಾಲೇಜೊಂದರಲ್ಲಿ ಇಪ್ಪತ್ತೈದು ವರ್ಷಗಳಿಂದ ಭೌತಶಾಸ್ತ್ರ ಬೋಧಿಸುತ್ತಿರುವವನು. ಕಂಪನ, ಅನುರಣನ, ಕಂಪನವನ್ನು ನುಂಗಿಹಾಕುವ ಅವಮಂದನ ಇವುಗಳ ಬಗ್ಗೆ ಹಲಗೆಯ ತುಂಬ ಬರೆದು, ಹಿಂದಿನ ಬೆಂಚಿನವರನ್ನು ಎಬ್ಬಿಸಿ ಪ್ರಶ್ನೆ ಕೇಳಿ ಅವಮಾನಿಸಿದವನು. ಅಂಥವನ ಮನೆಯಲ್ಲೇ ತಂತಿಯೊಂದು ನಡುಗಲು ನಿರಾಕರಿಸುವುದೆಂದರೆ! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಯನ್ನು ನಮ್ಮ ಪಠ್ಯಪುಸ್ತಕದ ಮುಖಪುಟದಲ್ಲೇ ಅಚ್ಚು ಹಾಕಿಸಬಹುದು.

ಬರೀ ನನ್ನ ಹವ್ಯಾಸದ ಮಾತಾಗಿದ್ದರೆ ಗಿಟಾರನ್ನು ಅಟ್ಟಕ್ಕೆ ಏರಿಸಿ ಸುಮ್ಮನಾಗುತ್ತಿದ್ದೆ. ಆದರೆ ವಿಷಯ ಅವ್ವನದು. ಎಂಬತ್ತು ದಾಟಿರುವ ಅವ್ವನ ಕಿವಿ ಎರಡು ವರ್ಷಗಳಿಂದ ಮಂದವಾಗುತ್ತ ಬಂದಿದೆ. ಮಾಡಿಸಿಕೊಟ್ಟ ಯಂತ್ರವನ್ನು 'ಕಿವ್ಯಾಗ ಜೀರುಂಡೆ ಕುಂತಂಗ ಆಗ್ತತಿ' ಎಂದು ಬೀರುವಿನಲ್ಲಿ ಒಡವೆಗಳ ಜೊತೆ ಇಟ್ಟು ಬೀಗ ಹಾಕಿದ್ದಾಳೆ. ದಾವಣಗೆರೆ ಕಡೆಯ ಅವಳ ತವರಿನಲ್ಲಿ ಅವಳ ಅಪ್ಪ ಬೆಳಗಿನ ಪೂಜೆಯ ಹೊತ್ತಿಗೆ ಒಂದು ವಚನವನ್ನು ತನ್ನದೇ ಧಾಟಿಯಲ್ಲಿ ಹಾಡುತ್ತಿದ್ದನಂತೆ. ಮದುವೆಯಾಗಿ ರಾಜಾಜಿನಗರಕ್ಕೆ ಬಂದ ಮೇಲೆ ಅವಳೂ ಅದನ್ನು ಗುನುಗುತ್ತಿದ್ದಳು. ಕೇಳಿ ಕೇಳಿ ನನಗೂ ಬಂತು. ತನ್ನ ದನಿ ತನಗೇ ಕೇಳಿಸದಾದ ಮೇಲೆ ಗುನುಗುವುದನ್ನು ನಿಲ್ಲಿಸಿದಳು. ಕಳೆದ ದೀಪಾವಳಿ ಮುಗಿದ ಮೇಲೆ ಒಂದು ದಿನ ನನ್ನ ಕೋಣೆಗೆ ಬಂದು, 'ಅಪ್ಪನ ಧಾಟಿ ಮರ್ತು ಹೋಗಾಕತ್ತೇತಿ ಕಣಪ್ಪಾ. ಒಂದ್ಸಲ ಬಾರ್ಸು, ಕೇಳಿ ಇಟ್ಕಂತೀನಿ' ಎಂದಳು.

ಬಾರಿಸಿದೆ. ನನ್ನ ಬೆರಳುಗಳನ್ನೇ ನೋಡುತ್ತ ಕುಳಿತಿದ್ದವಳು ಕೊನೆಗೆ, 'ಶುರು ಆತು ಅನ್ನೋದ್ರಾಗ ಮುಗದು ಹೋಗ್ತತಿ' ಎಂದು ಎದ್ದು ಹೋದಳು. ಆ ಧಾಟಿಯನ್ನು ಬಲ್ಲವರು ನಮ್ಮಿಬ್ಬರನ್ನು ಬಿಟ್ಟರೆ ಈಗ ಯಾರೂ ಉಳಿದಿಲ್ಲ. ಅವಳು ಅದನ್ನು ಪೂರ್ತಿ ಮರೆಯುವ ಮೊದಲು ಕೇಳಿಸಲು ನನ್ನಿಂದಾಗದಿದ್ದರೆ ಏನು ಗತಿ ಎಂದು ನನಗೆ ನಿಜಕ್ಕೂ ಭಯವಾಯಿತು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ಈ ಲೋಕದಲ್ಲಿ ಹೊಟ್ಟೆನೋವು ಬಿಟ್ಟರೆ ಅತಿ ಹೆಚ್ಚು ಉಚಿತ ಸಲಹೆ ದೊರೆಯುವುದು ಸಸ್ಟೇನಿಗೇ ಇರಬೇಕು. ಮೊಬೈಲಿನಲ್ಲಿ ಪ್ರತ್ಯಕ್ಷನಾದ ಒಬ್ಬ ಮೀಸೆಯ ಪಂಡಿತ, ತಂತಿಗಳು ಕೂರುವ ಬ್ರಿಜ್ಜು ಭಾರವಾದ ಹಿತ್ತಾಳೆಯದಾಗಿರಬೇಕು ಎಂದ. ಹಾಕಿಸಿದೆ, ಗಿಟಾರಿಗಿಂತ ಮೊದಲು ನನ್ನ ಭುಜಕ್ಕೆ ಅದರ ಪರಿಣಾಮ ತಿಳಿಯಿತು. ತಂತಿಯ ಕೆಳಗಿನ ಪಿಕಪ್ಪಿನ ಅಯಸ್ಕಾಂತ ತೀರ ಹತ್ತಿರವಿದ್ದರೆ ತಂತಿಯನ್ನು ಎಳೆದು ಹಿಡಿಯುತ್ತದೆ, ಇಳಿಸು ಎಂದ ಇನ್ನೊಬ್ಬ. ಇಳಿಸಿದೆ, ಇದ್ದ ಸದ್ದೂ ಇಳಿಯಿತು. ಕಂಪ್ರೆಸರ್ ಎಂಬ ಪೆಡಲು ತರಿಸಿದೆ. ಅದು ಸಾಯುತ್ತಿರುವ ಸ್ವರವನ್ನು ಕೈಹಿಡಿದು ಎತ್ತುವುದೇನೋ ನಿಜ, ಆದರೆ ಜೊತೆಗೆ ಮನೆಯ ಕರೆಂಟಿನ ಗುಂಯ್‌ಗುಡುವಿಕೆಯನ್ನೂ ಅಷ್ಟೇ ವಾತ್ಸಲ್ಯದಿಂದ ಎತ್ತಿತು. ಹೇರೋಹಳ್ಳಿಯ ಹೊಂಡಗಳನ್ನು ದಿನವೂ ಸ್ಕೂಟರಿನಲ್ಲಿ ದಾಟಿ ಬರುವ ನಮ್ಮ ರಸಾಯನಶಾಸ್ತ್ರದ ಮೇಷ್ಟ್ರು, ಜನ್ಮದಲ್ಲಿ ಗಿಟಾರು ಮುಟ್ಟದವರು, 'ಮರ ತೇವ ಕುಡಿದಿದೆ ಸಾರ್, ಬಿಸಿಲಿಗೆ ಇಡಿ' ಎಂದರು. ಇಟ್ಟೆ. ಅದರ ಮೇಲೆ ಕಾಗೆ ಬಂದು ಕುಳಿತುಕೊಂಡಿತು.

ಎಲ್ಲಕ್ಕಿಂತ ತಲೆಕೆಡಿಸಿದ್ದೆಂದರೆ, ಹೊಸ ತಂತಿ ಹಾಕಿದಾಗ ನಾಲ್ಕು ದಿನ ಸ್ವರ ಚೆನ್ನಾಗಿಯೇ ನಿಲ್ಲುತ್ತಿತ್ತು. ಸರಿ, ಈ ಶನಿವಾರ ಬಿಡುವಾಗಿ ಅವ್ವನನ್ನು ಕೂರಿಸಿಕೊಂಡು ಬಾರಿಸೋಣ ಎಂದುಕೊಂಡರೆ, ಅಷ್ಟರೊಳಗೆ ಮತ್ತೆ ಅದೇ ಟಪ್. ನನ್ನ ಹೆಂಡತಿ ಇದನ್ನೆಲ್ಲ ಕೆಲವು ವಾರ ನೋಡಿ, 'ನಿಮ್ಮ ಕೈಯಲ್ಲೇ ಏನೋ ಇದೆ ಕಣ್ರೀ' ಎಂದು ತೀರ್ಪು ಕೊಟ್ಟು ಒಳಗೆ ಹೋದಳು.

ಕೊನೆಗೆ ಮಾರೇನಹಳ್ಳಿಯಲ್ಲಿ ಗಿಟಾರು ರಿಪೇರಿ ಮಾಡುವವನೊಬ್ಬನಿದ್ದಾನೆಂದು ತಿಳಿದು, ಒಂದು ಭಾನುವಾರ ಗಿಟಾರಿನ ಮೇಲಿದ್ದ ವಿಭೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಚೀಲಕ್ಕೆ ಹಾಕಿಕೊಂಡು ಹೊರಟೆ. ವಿಭೂತಿಯ ಮಾತನ್ನು ಇಷ್ಟು ತಡವಾಗಿ ಹೇಳುತ್ತಿದ್ದಾನಲ್ಲ ಎನ್ನಬೇಡಿ. ಅಲ್ಲಿಯವರೆಗೆ ಅದೊಂದು ಮಾತೆಂದು ನನಗೂ ಅನ್ನಿಸಿರಲಿಲ್ಲ. ಆಯುಧಪೂಜೆಯ ದಿನ ಅವ್ವ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು, ಮನೆಯಲ್ಲಿ ದುಡಿಯುವ ಪ್ರತಿಯೊಂದಕ್ಕೂ ಮೂರು ಬೆರಳು ಎಳೆಯುತ್ತಾಳೆ: ಸ್ಕೂಟರು, ಮಿಕ್ಸಿ, ವಾಷಿಂಗ್ ಮೆಷೀನು, ಫ್ರಿಜ್ಜು. ಕಳೆದ ವರ್ಷ ಆ ಯೋಗ ಗಿಟಾರಿಗೂ ಬಂತು. ಮಿಕ್ಕವಕ್ಕೆ ವರ್ಷಕ್ಕೊಮ್ಮೆ ಸಲ್ಲುವ ಗೌರವ ಇದಕ್ಕೆ, ನನಗೆ ಕಾರಣ ತಿಳಿಯದಂತೆ, ಪ್ರತಿ ಸೋಮವಾರವೂ ಸಲ್ಲತೊಡಗಿತು. ಹುಟ್ಟಿದಾಗಿನಿಂದ ನೋಡಿದ ಬಿಳಿ ಗೆರೆಗಳು, ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹೊರಗಿನವರ ಮುಂದೆ ಇಡಬೇಕಾದಾಗ ಮಾತ್ರ ನನ್ನೊಳಗಿನ ವಿಜ್ಞಾನಿಗೆ ನಾಚಿಕೆಯಾಗಿ, ಒದ್ದೆ ಬಟ್ಟೆ ತೆಗೆದುಕೊಂಡು ಉಜ್ಜುತ್ತಿದ್ದೆ.

ರಿಪೇರಿಯವನದು ಎರಡು ಗ್ರಿಲ್ ಅಂಗಡಿಗಳ ನಡುವಿನ ಗೂಡು. ಕಬ್ಬಿಣ ಕೊಯ್ಯುವ ಆ ಗದ್ದಲದಲ್ಲಿ ಇವನಿಗೆ ಏನು ಕೇಳಿಸೀತು ಎಂದು ನೋಡುತ್ತಿದ್ದೆ. ಆತ ಗಿಟಾರಿನ ತುದಿಯಲ್ಲಿ ತಂತಿ ಬಿಗಿಯುವ ತಲೆಭಾಗವನ್ನು ತನ್ನ ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಮೂರು ಸಲ ಮೀಟಿದ. ಆಮೇಲೆ ಬ್ರಿಜ್ಜಿನ ಪಕ್ಕದಲ್ಲಿ ದಪ್ಪ ತಂತಿಯನ್ನು ಉಗುರಿನಿಂದ ಕೆರೆದು, ಉಗುರನ್ನು ನನ್ನ ಮುಂದೆ ಹಿಡಿದ.

'ಮನೇಗೆ ಸುಣ್ಣ ಹೊಡಿಸಿದ್ರಾ ಸಾರ್?'

ಉಪಾಯವಿಲ್ಲದೆ ವಿಭೂತಿಯ ವೃತ್ತಾಂತ ಹೇಳಿದೆ. ಆತ ನಗಲಿಲ್ಲ. ದಪ್ಪ ತಂತಿಯ ಮೇಲೆ ಸಣ್ಣ ತಂತಿ ಸುತ್ತಿರುತ್ತದೆ, ಆ ಸಂದಿಗಳಲ್ಲಿ ಇದು ಗಾರೆಯಂತೆ ಕೂತಿದೆ ಎಂದು ತೋರಿಸಿ, 'ಅಮ್ಮ ಹಚ್ಚಿದ್ದು ಒಣಗಿ ಅರ್ಧ ಉದುರಿ ಹೋಗ್ತಿತ್ತು. ನೀವು ಒದ್ದೆ ಬಟ್ಟೇಲಿ ಉಜ್ಜಿ ಒಳಗಡೆ ತಳ್ಳಿದೀರ' ಎಂದ. ಅವಮಂದನ, ಪ್ರಥಮ ವರ್ಷದವರಿಗೆ ಪ್ರತಿ ವರ್ಷ ನಾನೇ ಮಾಡುವ ಪಾಠ. ಯಾರ ಮೇಲೆ ತೋರಿಸಬೇಕೆಂದು ತಿಳಿಯದ ಸಿಟ್ಟನ್ನು ಹೊತ್ತುಕೊಂಡು, ಹೊಸ ತಂತಿ ಹಾಕಿಸಿಕೊಂಡು ಮನೆಗೆ ಬಂದೆ.

ಕಿವಿ ಮಂದವಾದವರನ್ನು ಗದರಿಸುವುದರಲ್ಲಿರುವ ತೊಡಕೆಂದರೆ, ಅವರೊಬ್ಬರನ್ನು ಬಿಟ್ಟು ಇಡೀ ಬೀದಿಗೆ ಅದು ಕೇಳಿಸುತ್ತದೆ. 'ತಂತಿ ಮೇಲೆ ವಿಭೂತಿ ಹಚ್ಬೇಡ ಅವ್ವಾ' ಎಂದು ನಾನು ಮೂರನೆಯ ಸಲ ಕೂಗಿದಾಗ ಎದುರು ಮನೆಯ ಬಾಲ್ಕನಿಯಲ್ಲಿ ಇಬ್ಬರು ಬಂದು ನಿಂತರು. ಅವ್ವನಿಗೆ ಅರ್ಥವಾಗುವಷ್ಟರಲ್ಲಿ ನನ್ನ ಗಂಟಲು ಕಟ್ಟಿತ್ತು.

'ದುಡಿಯಾದು ತಂತಿ ಅಲ್ಲೇನು? ಅದಕ್ಕ ಅಲ್ಲಿಗೇ ಹಚ್ಚಿದೆ' ಎಂದಳು, ನನ್ನ ದಡ್ಡತನಕ್ಕೆ ಮರುಗುವವಳಂತೆ. 'ಸ್ವರ ನಿಲ್ತಿಲ್ಲ, ನಿಲ್ತಿಲ್ಲ ಅಂತ ದಿನಾ ಗೋಳಾಡ್ತಿದ್ದಿ. ಪಾಪ ನಿಲ್ಲಲಿ ಅಂತ ಈಚೀಚೆಗೆ ಇನ್ನೊಂಚೂರು ಜಾಸ್ತೀನೇ ಹಚ್ಚಿದೆ.'

ಇನ್ನು ಮುಂದೆ ಗಿಟಾರಿನ ಬೆನ್ನಿಗೆ ಹಚ್ಚುವುದೆಂದು ರಾಜಿಯಾಯಿತು. ಬೆನ್ನಿಗೆ ಬೇಕಾದರೆ ಒಂದು ಗಟ್ಟಿ ಪೂರ್ತಿ ಬಳಿ ಎಂದೆ, ಆಗಲೂ ಸಿಟ್ಟಿನಿಂದಲೇ.

ಆಂಪ್ಲಿಫೈಯರಿಗೆ ಸಿಕ್ಕಿಸಿ ಮೊದಲ ಸ್ವರ ಮೀಟಿದೆ. ಏನೆಂದು ಹೇಳಲಿ, ಅದು ನಿಂತಿತು. ಕೆಳಗಿನ ಡಾಕ್ಟರ ಯಂತ್ರಕ್ಕೆ ಸವಾಲು ಹಾಕುವಷ್ಟು ಹೊತ್ತು ನಿಂತಿತು. ಹೆಮ್ಮೆಯಿಂದ ಅವ್ವನ ಮುಖ ನೋಡಿದರೆ ಅವಳು ತಲೆ ಅಲ್ಲಾಡಿಸುತ್ತಿದ್ದಳು. 'ಗುಂಯ್ ಅಂತತಿ. ಯಾವ ಸ್ವರ ಅಂತ ತಿಳಿಯಂಗಿಲ್ಲ.'

ತಿಂಗಳುಗಳ ಪರದಾಟವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಅಳು ಬರುವಂತಾಯಿತು. ವಯರನ್ನು ಕಿತ್ತು ಎಸೆದೆ. ಆಗ ರಿಪೇರಿಯವನು ಗದ್ದಲದ ನಡುವೆ ಕೇಳಿಸಿಕೊಂಡ ರೀತಿ ನೆನಪಾಗಿ, ಅವ್ವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಗಿಟಾರಿನ ತಲೆಯನ್ನು ಅವಳ ಕಿವಿಯ ಹಿಂದಿನ ಮೂಳೆಗೆ ಮೆಲ್ಲಗೆ ಒತ್ತಿ ಹಿಡಿದು ಮೀಟಿದೆ. ಸ್ವರದ ಆಯುಸ್ಸು ತಕ್ಷಣ ಕುಗ್ಗಿತು. ಕುಗ್ಗಲೇಬೇಕು, ತಂತಿಯ ಕಸುವು ಮರದಿಂದ ಮೂಳೆಗೆ ಸೋರಿ ಹೋಗುತ್ತಿತ್ತು, ತನ್ನಲ್ಲೇ ಇಟ್ಟುಕೊಂಡಿದ್ದರೆ ಇನ್ನೂ ಬಹಳ ಹೊತ್ತು ಬದುಕುತ್ತಿತ್ತು. ಇಷ್ಟು ದಿನ ಉಳಿಸಿಕೊಳ್ಳಲು ಹೆಣಗಿದ್ದನ್ನೇ ಈಗ ಖರ್ಚು ಮಾಡುತ್ತಿದ್ದೆ.

ಅವ್ವ ಕಣ್ಣು ಮುಚ್ಚಿ ಕುಳಿತಿದ್ದಳು. ನನಗೆ ಮುಂದಿನ ಸ್ವರಕ್ಕೆ ಹೋಗಲು ಧೈರ್ಯವಾಗದೆ ಮೊದಲನೆಯದನ್ನೇ ಮತ್ತೆ ಮೀಟಿ ಹಿಡಿದೆ, ಮತ್ತೆ ಮೀಟಿ ಹಿಡಿದೆ. ಅವಳು ಕಣ್ಣು ತೆರೆದು ನನ್ನತ್ತ ನೋಡಿದಳು.

'ಕೇಳ್ತು ಬಿಡಪ್ಪಾ. ಎಷ್ಟೊತ್ತು ಅದನ್ನೇ ಹಿಡ್ಕಂಡು ಕುಂತೀಯ? ಮುಂದ ಹೋಗು.'

ಮುಂದೆ ಹೋದೆ. ಎರಡನೆಯ ಸಾಲಿನಲ್ಲಿ ನಾನು ತಪ್ಪಿದೆ. ಅವಳು ಹಾಡಿ ತಿದ್ದಿದಳು.