ಮಡಿ ಮಂಚದ ತಿಗಣೆಗಳು

ಬದುಕಿಡೀ ಪ್ರಾಣಿಶಾಸ್ತ್ರ ಪಾಠ ಮಾಡಿದವಳು ನಾನು. ಜೀವವಿಕಾಸ ಅಂದರೆ ಏನೆಂದು ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ, ಯಶವಂತಪುರದ ನಮ್ಮ ಮನೆಯ ಮಂಚಗಳಲ್ಲಿ ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಗಲಿ, ಅವರಿಗೆ ತಿಗಣೆ ಕಚ್ಚಿರಲಿಕ್ಕಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಅಪ್ಪ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ನಮ್ಮದೊಂದು ಹೆಂಚಿನ ಮನೆ. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ಮದುವೆಗೆ ಬೆಳೆದು ನಿಂತ ಅಕ್ಕ, ಬಿ.ಎಸ್‌ಸಿ. ಓದುತ್ತಿದ್ದ ನಾನು. ಬಾಡಿಗೆ ಕೊಡದೆ ನಮ್ಮೊಂದಿಗೆ ವಾಸವಾಗಿದ್ದವು ತಿಗಣೆಗಳು.

ಮಲೇರಿಯಾದವರು ಮೊದಲ ಸಲ ನಮ್ಮ ಬೀದಿಗೆ ಬಂದಾಗ ನಾನಿನ್ನೂ ಲಂಗ ತೊಡುತ್ತಿದ್ದೆ. ಖಾಕಿ ಬಟ್ಟೆಯವರು ಬಕೆಟ್ಟಿನಲ್ಲಿ ಪಂಪು ಇಟ್ಟುಕೊಂಡು ಗೋಡೆ, ಮಂಚ, ಬಾಗಿಲ ಸಂದಿಗಳಿಗೆಲ್ಲ ಡಿ.ಡಿ.ಟಿ. ಹೊಡೆದರು. ಸೊಳ್ಳೆಗೆಂದು ಹೊಡೆದದ್ದಕ್ಕೆ ತಿಗಣೆಗಳೂ ಉದುರಿದವು. ಅಮ್ಮ ಮೊರದ ತುಂಬ ಗುಡಿಸಿ ಒಲೆಗೆ ಹಾಕಿ, ಸರ್ಕಾರವನ್ನು ಬಾಯ್ತುಂಬ ಹರಸಿದರು.

ಒಂದು ಕೋಣೆಗೆ ಮಾತ್ರ ಮಲೇರಿಯಾದವರಿಗೆ ಪ್ರವೇಶ ಸಿಗಲಿಲ್ಲ. ದೇವರ ಗೂಡಿಗೆ ಅಂಟಿಕೊಂಡಿದ್ದ ಆ ಪುಟ್ಟ ಕೋಣೆ ಅಜ್ಜಿಯದು. ಅವರು ಹೊಸ್ತಿಲ ಮೇಲೆ ಕೈ ಅಡ್ಡ ಹಿಡಿದು ನಿಂತುಬಿಟ್ಟರು.

"ದೇವರಿಗೆ ಮಲೇರಿಯಾ ಬರಲ್ಲ ಕಣ್ರಯ್ಯಾ, ಮುಂದಿನ ಮನೆಗೆ ಹೋಗಿ."

ಅಜ್ಜಿಯ ಮಡಿ ಅಂಥದ್ದು. ಅವರ ಹಲಸಿನ ಮರದ ಮಂಚವನ್ನು, ಚಾಪೆಯನ್ನು, ಒಣಹಾಕಿದ ಸೀರೆಯನ್ನು ನಾವು ಯಾರೂ ಮುಟ್ಟುವಂತಿರಲಿಲ್ಲ. ನಮ್ಮ ಹಾಸಿಗೆ ಹೊದಿಕೆ ಆ ಹೊಸ್ತಿಲು ದಾಟುವಂತಿರಲಿಲ್ಲ. ಪ್ರತಿ ವರ್ಷ ಮಲೇರಿಯಾದವರು ಬಂದರು, ಪ್ರತಿ ವರ್ಷ ಅಜ್ಜಿ ಕೈ ಅಡ್ಡ ಹಿಡಿದರು.

ಮೂರ್ನಾಲ್ಕು ವರ್ಷ ಸುಖವಾಗಿ ಮಲಗಿದೆವು. ಆಮೇಲೆ ತಿಗಣೆಗಳು ಹಿಂತಿರುಗಿದವು. ಅಪ್ಪ ಅಂಗಡಿಯಿಂದ ಡಿ.ಡಿ.ಟಿ. ಪುಡಿಯನ್ನೇ ತಂದು ಮಂಚದ ಸಂದಿಗಳಿಗೆ ತುಂಬಿದರು. ಅವು ಆ ಬಿಳಿ ಪುಡಿಯ ಮೇಲೆಯೇ ವಾಕಿಂಗ್ ಹೋದವು. ಅಪ್ಪ ಇನ್ನಷ್ಟು ತುಂಬಿದರು.

"ರೂಢಿ ಆಗ್ಬಿಟ್ಟಿದೆ ಅವಕ್ಕೆ, ನನಗೆ ನಶ್ಯ ರೂಢಿ ಆದ ಹಾಗೆ," ಎಂದು ಅಪ್ಪ ಸೀನಿದರು.

ಅಷ್ಟರಲ್ಲಿ ಅಕ್ಕನಿಗೆ ಚಿತ್ರದುರ್ಗದ ಕಡೆಯಿಂದ ಒಂದು ಒಳ್ಳೆಯ ಸಂಬಂಧ ಬಂತು. ಹಿಂದೆ ಎರಡು ಸಂಬಂಧಗಳು ಮುರಿದಿದ್ದರಿಂದ ಅಕ್ಕ ಮಾತು ಕಡಿಮೆ ಮಾಡಿದ್ದಳು. ಈ ಸಲ ಗಂಡಿನ ಕಡೆಯ ಗಂಡಸರು ಮಲ್ಲೇಶ್ವರದ ನೆಂಟರಲ್ಲಿ ಇಳಿದುಕೊಳ್ಳುವುದೆಂದೂ, ಗಂಡಿನ ತಾಯಿ ಒಂದು ರಾತ್ರಿ ನಮ್ಮಲ್ಲೇ ಉಳಿದು ಮನೆತನ ನೋಡುವುದೆಂದೂ ತೀರ್ಮಾನವಾಯಿತು. ಆಕೆಗೆ ಸೊಂಟನೋವು, ನೆಲದ ಮೇಲೆ ಮಲಗುವುದಿಲ್ಲ, ಮಂಚವೇ ಬೇಕು. ಅಮ್ಮ ಹಣೆ ಹಣೆ ಬಡಿದುಕೊಂಡರು.

ತಪ್ಪು ಯಾರದೆಂದು ಹುಡುಕಿದಾಗ ಎಲ್ಲರ ಕಣ್ಣೂ ಅಜ್ಜಿಯ ಕೋಣೆಯ ಕಡೆ ಹೊರಳಿತು. ಔಷಧಿ ಕಾಣದ ಜಾಗ ಅದೊಂದೇ. ಹಾಗಾದರೆ ತಿಗಣೆಯ ತವರು ಅಲ್ಲಿಯೇ ತಾನೇ?

ಅಪ್ಪ ಬಾಗಿಲಲ್ಲಿ ನಿಂತು ಹೇಳಿಯೇಬಿಟ್ಟರು: "ಅಮ್ಮಾ, ನಿನ್ನ ಮಡಿಯಿಂದ ಹುಡುಗಿ ಮದುವೆ ಕೆಡೋದು ಬೇಡ. ಅವರು ಬರೋದರೊಳಗೆ ಈ ಮಂಚ ಒಡೆದು ಹಂಡೆ ಒಲೆಗೆ ಹಾಕಿಸ್ತೀನಿ."

ಅಜ್ಜಿ ಜಗಳವಾಡಲಿಲ್ಲ. ಅದು ಅವರು ಮದುವೆಯಾಗಿ ಬಂದಾಗ ತವರಿನಿಂದ ಬಂದಿದ್ದ ಮಂಚ, ಅವರ ಮಕ್ಕಳೆಲ್ಲ ಹುಟ್ಟಿದ್ದು ಅದರ ಮೇಲೆ, ಅಪ್ಪನೂ ಸೇರಿ. ಮಂಚದ ಕಾಲನ್ನು ಸವರುತ್ತ ಅಜ್ಜಿ ಸುಮ್ಮನೆ ಕೂತುಬಿಟ್ಟರು. ಬೈಯುವ ಅಜ್ಜಿಯನ್ನು ಕಂಡು ಗೊತ್ತಿದ್ದ ನನಗೆ ಈ ಅಜ್ಜಿಯನ್ನು ನೋಡಲಾಗಲಿಲ್ಲ.

ಅದೇ ದಿನಗಳಲ್ಲಿ ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಜೀವವಿಕಾಸದ ಪಾಠ ತೆಗೆದಿದ್ದರು. ಹಡಗು ಹತ್ತಿ ಲೋಕ ಸುತ್ತಿದ ಒಬ್ಬ ಇಂಗ್ಲೆಂಡಿನವನು ದ್ವೀಪದಿಂದ ದ್ವೀಪಕ್ಕೆ ಬೇರೆಯಾಗಿದ್ದ ಹಕ್ಕಿಗಳನ್ನು ಕಂಡು, ಅದರ ಅರ್ಥವನ್ನು ವರ್ಷಗಟ್ಟಲೆ ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದನಂತೆ. ಇನ್ನೊಬ್ಬನಿಗೆ ದೂರದ ಪೂರ್ವ ದ್ವೀಪಗಳಲ್ಲಿ ಚಳಿಜ್ವರ ಹಿಡಿದು ನಡುಗುತ್ತಿರುವಾಗಲೇ ಅದೇ ಯೋಚನೆ ಹೊಳೆಯಿತಂತೆ. ಇತ್ತ ಒಬ್ಬ ಸನ್ಯಾಸಿ ಮಠದ ತೋಟದಲ್ಲಿ ಬಟಾಣಿ ಬೆಳೆದು, ತಾಯಿತಂದೆಯ ಗುಣ ಮಕ್ಕಳಿಗೆ ಬರುವ ಲೆಕ್ಕ ಹಿಡಿದಿದ್ದ. ಅವನು ಸಾಯುವವರೆಗೂ ಲೋಕ ಅದನ್ನು ಗಮನಿಸಲಿಲ್ಲ.

"ಒಂದೇ ಜಾತಿಯಲ್ಲಿ ಎಲ್ಲವೂ ಒಂದೇ ಥರ ಇರಲ್ಲ," ಎಂದರು ಮೇಷ್ಟ್ರು. "ಕಷ್ಟ ಬಂದಾಗ ತಡೆದುಕೊಳ್ಳೋ ಗುಣ ಇದ್ದದ್ದು ಉಳಿಯುತ್ತೆ, ಅದರ ಮಕ್ಕಳಿಗೂ ಆ ಗುಣ ಹೋಗುತ್ತೆ. ಅಷ್ಟೇ ಕಣ್ರಮ್ಮ. ಯಾವುದೂ ಕಲಿತು ಬದಲಾಗೋದಲ್ಲ."

ಸಂಜೆ ಬಸ್ಸಿನಲ್ಲಿ ಬರುವಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ತಿಗಣೆಗೆ ರೆಕ್ಕೆಯಿಲ್ಲ. ಅದು ಹಾಸಿಗೆ ಬಟ್ಟೆಯಲ್ಲಿ ಅಡಗಿ ಮನೆ ಬದಲಾಯಿಸುತ್ತದೆ. ನಮ್ಮ ಹಾಸಿಗೆ ಬಟ್ಟೆ ಅಜ್ಜಿಯ ಹೊಸ್ತಿಲು ದಾಟಿದ್ದೇ ಇಲ್ಲ. ಹಾಗಾದರೆ ಅಜ್ಜಿಯ ಕೋಣೆಯೂ ಒಂದು ದ್ವೀಪವಲ್ಲವೇ?

ಮನೆಗೆ ಬಂದವಳೇ ಉಪ್ಪಿನಕಾಯಿಯ ಎರಡು ಖಾಲಿ ಶೀಶೆ ತೊಳೆದು ಒಣಗಿಸಿ, ಒಳಗೆ ಡಿ.ಡಿ.ಟಿ. ಸವರಿದ ಕಾಗದ ಹಾಕಿದೆ. ಹಾಲ್‌ನ ಮಂಚದ ತಿಗಣೆಗಳನ್ನು ನಾನೇ ಒಂದಕ್ಕೆ ತುಂಬಿದೆ. ಅಜ್ಜಿಯ ಮಂಚ ಮುಟ್ಟುವಂತಿಲ್ಲವಲ್ಲ, ಇನ್ನೊಂದನ್ನು ಹೊಸ್ತಿಲ ಮೇಲಿಟ್ಟು ಬೇಡಿಕೊಂಡೆ.

"ತಿಗಣೆ ಹಿಡಿದುಕೊಡು ಅಂತ ಅಜ್ಜಿಗೆ ಹೇಳ್ತೀಯಲ್ಲೇ, ನಿನ್ನ ಓದಿಗಿಷ್ಟು ಬೆಂಕಿ ಹಾಕ," ಎಂದು ಗೊಣಗಿದರೂ ಅಜ್ಜಿ ಹಿಡಿದುಕೊಟ್ಟರು.

ಮಾರನೆಯ ದಿನ ನೋಡುತ್ತೇನೆ: ಅಜ್ಜಿಯ ತಿಗಣೆಗಳೆಲ್ಲ ಕಾಲು ಮೇಲೆ ಮಾಡಿ ಬಿದ್ದಿದ್ದವು. ಹಾಲ್‌ನವು ಶೀಶೆಯ ಗೋಡೆ ಹತ್ತಲು ನೋಡುತ್ತಿದ್ದವು.

ಅಪ್ಪನಿಗೆ ತೋರಿಸಿದೆ. "ಅದೇ ನಾನು ಹೇಳಿದ್ದು, ಹಾಲ್‌ನವಕ್ಕೆ ರೂಢಿ ಆಗಿದೆ," ಎಂದರು. ನಾನೂ ಬಿಡಲಿಲ್ಲ. ಹಾಲ್‌ನ ಮಂಚದ ಸಂದಿಯಿಂದ ಅಕ್ಕಿ ನುಚ್ಚಿನಂಥ ಮೊಟ್ಟೆಗಳನ್ನು ಕೆರೆದು ಶುಭ್ರವಾದ ಶೀಶೆಯಲ್ಲಿಟ್ಟು ಕಾದೆ. ಒಣಹುಲ್ಲಿನ ಬಣ್ಣದ ಮರಿಗಳು, ಗಂಜಿಯ ಅಗುಳಿಗಿಂತ ಚಿಕ್ಕವು, ಹೊರಬಂದವು. ಅವನ್ನು ಪುಡಿಯ ಮೇಲೆ ಬಿಟ್ಟೆ. ಹುಟ್ಟಿದಾಗಿನಿಂದ ಡಿ.ಡಿ.ಟಿ.ಯ ಮುಖ ನೋಡದ ಮರಿಗಳು. ರೂಢಿಯಾಗಲು ಅವಕ್ಕೆ ಪುರಸೊತ್ತೇ ಸಿಕ್ಕಿರಲಿಲ್ಲ.

ಒಂದೂ ಸಾಯಲಿಲ್ಲ.

ಹಿತ್ತಲ ಕಲ್ಲಿನ ಮೇಲೆ ಬಿಸಿಲಿನಲ್ಲಿ ಆ ಶೀಶೆ ಹಿಡಿದು ಕೂತವಳಿಗೆ ಮೈ ಜುಮ್ಮೆಂದಿತು. ಮಲೇರಿಯಾದವರು ಮೊದಲ ಸಲ ಬಂದ ದಿನ ಅಮ್ಮ ಮೊರದಲ್ಲಿ ಗುಡಿಸಿದ್ದು ಸಾಯುವಂಥವನ್ನು. ಎಲ್ಲೋ ಒಂದೆರಡು, ಹುಟ್ಟಿನಿಂದಲೇ ತಡೆದುಕೊಳ್ಳುವಂಥವು, ಸಂದಿಯಲ್ಲಿ ಉಳಿದಿದ್ದವು. ಹಾಲ್‌ನವೆಲ್ಲ ಅವುಗಳ ವಂಶ, ಅಜ್ಜಿಯ ಮಂಚದಿಂದ ಬಂದವಲ್ಲ. ಅಪ್ಪ ಪುಡಿ ತುಂಬಿದಾಗಲೆಲ್ಲ ದುರ್ಬಲವನ್ನು ಆರಿಸಿ ತೆಗೆದು ಗಟ್ಟಿಯಾದ ತಳಿಯನ್ನು ಸಾಕಿದ್ದರು. ಯಾರೂ ಬೇಕೆಂದು ಮಾಡಿದ್ದಲ್ಲ, ಯಾವ ತಿಗಣೆಯೂ ಯೋಚಿಸಿದ್ದಲ್ಲ. ಬರೀ ಸಾವು, ಬರೀ ಹುಟ್ಟು. ಕೋಟ್ಯಂತರ ವರ್ಷಗಳಲ್ಲಿ ಆನೆಯನ್ನೂ ಅಂಜೂರವನ್ನೂ ನನ್ನನ್ನೂ ಮಾಡಿದ ಕೆಲಸ ನಾನು ಲಂಗದಿಂದ ಸೀರೆಗೆ ಬರುವಷ್ಟರಲ್ಲಿ ನಮ್ಮ ಮಂಚದಲ್ಲೂ ನಡೆದಿತ್ತು. ನಾವು ಅದರ ಮೇಲೆಯೇ ಗೊರಕೆ ಹೊಡೆಯುತ್ತಿದ್ದೆವು. ನನಗೆ ಅಳು ಬಂತು, ಯಾಕೆಂದು ಇವತ್ತಿಗೂ ಸರಿಯಾಗಿ ಹೇಳಲಾರೆ.

ಅಪ್ಪ ಶೀಶೆಯನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋಕೆ ಹೊರಟಿದ್ದೆ," ಎಂದು, ಮಂಚ ಒಡೆಯಲು ತೆಗೆದಿಟ್ಟಿದ್ದ ಕೊಡಲಿಯನ್ನು ಸೌದೆ ಮನೆಯಲ್ಲಿ ಇಟ್ಟುಬಂದರು.

ಅಜ್ಜಿಗೂ ಎಲ್ಲವನ್ನೂ ಬಿಡಿಸಿ ಹೇಳಿದೆ. "ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಇದಕ್ಕೆ ಬಿ.ಎಸ್‌ಸಿ. ಬೇಕಾಗಿತ್ತೇನೇ?" ಎಂದು ನಕ್ಕರು. ಆಮೇಲೆ ತಮ್ಮ ಮಂಚದ ಕಡೆ ತಿರುಗಿದರು.

"ಅಂದರೆ ನನ್ನ ಮಂಚಕ್ಕೆ ಆ ಪುಡಿ ಹಾಕಿದರೆ ಇದರಲ್ಲಿರೋವೆಲ್ಲ ಸಾಯ್ತವೆ?"

"ಸಾಯ್ತವೆ ಅಜ್ಜಿ."

"ಹಾಲ್‌ನ ಮಂಚಕ್ಕೆ ಏನು ಹಾಕಿದರೂ ಇಲ್ಲ."

"ಇಲ್ಲ."

ಅಜ್ಜಿ ಎದ್ದು ಚಾಪೆ ಸುತ್ತಿದರು. ನಾನು ಕಂಡಾಗಿನಿಂದ ತಾವು ಕೈ ಅಡ್ಡ ಹಿಡಿದೇ ನಿಲ್ಲುತ್ತಿದ್ದ ಆ ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತರು. "ಒಳಗೆ ಬಾ. ಹಾಕು ಪುಡಿ," ಎಂದರು.

ಗಂಡಿನ ತಾಯಿ ಬಂದ ದಿನ ಆ ಮಂಚ ಉಜ್ಜಿ ತೊಳೆದು ಒಣಗಿತ್ತು. ಮೇಲೆ ಅಮ್ಮ ಹೊಸ ಜಮಖಾನ ಹಾಸಿದ್ದರು. ಇಡೀ ಮನೆಯಲ್ಲಿ ತಿಗಣೆಯಿಲ್ಲದ ಮಂಚ ಅದೊಂದೇ. ಅದರ ಮೇಲೆ ಪರವೂರಿನ ಹೆಂಗಸು ಮಲಗಿದರು, ನಮ್ಮ ಮಡಿ ಅಜ್ಜಿ ಹಾಲ್‌ನಲ್ಲಿ ನಮ್ಮ ನಡುವೆ ಮಲಗಿದರು.

ಬೆಳಿಗ್ಗೆ ಆಕೆ ಕಾಫಿ ಲೋಟ ಹಿಡಿದು, "ಎಷ್ಟು ದಿನ ಆಗಿತ್ತು ರೀ ಇಂಥ ನಿದ್ದೆ ಬಂದು," ಎಂದು ಅಕ್ಕನ ತಲೆ ನೇವರಿಸಿದರು. ಅಕ್ಕ ಎಷ್ಟೋ ತಿಂಗಳ ಮೇಲೆ ಹಲ್ಲು ಕಾಣುವಂತೆ ನಕ್ಕಳು. ಆಮೇಲೆ ಆಕೆಯ ಕಣ್ಣು ಅಜ್ಜಿಯ ತೋಳಿನ ಮೇಲಿನ ಕೆಂಪು ದದ್ದುಗಳ ಮೇಲೆ ಬಿತ್ತು.

"ಇದೇನ್ರೀ, ತೋಳೆಲ್ಲ ಹಿಂಗಾಗಿದೆ?"

ಸುಳ್ಳು ಹೇಳಿದರೆ ನಾಲಿಗೆಗೆ ಬರೆ ಎಂದು ನಮ್ಮನ್ನು ಬೆಳೆಸಿದ ಅಜ್ಜಿ ಸೆರಗನ್ನು ತೋಳಿನ ಮೇಲೆ ಎಳೆದುಕೊಂಡರು.

"ಸೊಳ್ಳೆ ಕಣ್ರೀ," ಎಂದರು. "ನಮ್ಮ ಕಡೆ ಕೆರೆ ಜಾಸ್ತಿ ನೋಡಿ."