ಉಣ್ಣೆ ಎಂದರೆ ಯಾವ ಉಣ್ಣೆ?

ಪುಸ್ತಕಗಳು ಸಂಧಿಪದಿಗಳೆಂದು ಕರೆಯುವ, ಮನೆಮಂದಿ ಕಂಡೊಡನೆ ಪೊರಕೆ ಎತ್ತುವ ಜೀವಿಗಳಿಗೆ ಜನರ ಬಾಯಲ್ಲಿರುವ ಹೆಸರುಗಳನ್ನು ಅರಸಿ, ತೂಗಿ, ಪದಕೋಶಕ್ಕೆ ಸೇರಿಸಿದವರಲ್ಲಿ ನಮ್ಮ ವಸ್ತುಸಂಗ್ರಹಾಲಯದ ಪ್ರಾಣಿವಿಭಾಗದ ಮುಖ್ಯಸ್ಥೆಯವರದು ಮೊದಲ ಸ್ಥಾನ. ವಿದ್ಯಾರ್ಥಿಗಳು ಬೆನ್ನ ಹಿಂದೆ ಇಟ್ಟ ‘ಜೇಡಮ್ಮ’ ಎಂಬ ಅಡ್ಡಹೆಸರು ಬರಬರುತ್ತ ಎದುರಿಗೇ ಬಂದು ನಿಂತಾಗಲೂ ಅವರು ಮುನಿಯಲಿಲ್ಲ. ಜೇಡವನ್ನು ಕೀಟವೆಂದವರ ಮೇಲಷ್ಟೇ ಮುನಿದರು.

ಸೇವೆಗೆ ಸೇರಿದಾಗ ಅವರಿಗೆ ದಕ್ಕಿದ್ದು ಕಿಟಕಿಯಿಲ್ಲದ ಕೋಣೆ ಮತ್ತು ಚೀಟಿ ಕಳಚಿದ ಗಾಜಿನ ಭರಣಿಗಳು. ಅಲ್ಲಿಂದ ಮೇಲೇರಿದ ದಾರಿಯಲ್ಲಿ, ಹೆರಿಗೆ ರಜೆಗೆ ಹೋದ ಕಿರಿಯ ಸಹೋದ್ಯೋಗಿಯ ಕೆಲಸವನ್ನೂ ತಾವೇ ಹೊತ್ತು, ಬಡ್ತಿಯ ವೇಳೆ ಅದನ್ನು ಆಕೆಯ ಹೆಸರಿಗೇ ಬರೆಸಿದವರು ಅವರು.

ಅವರ ಹಳೆಯ ಶಿಷ್ಯನೊಬ್ಬ ಮಕ್ಕಳ ವೈದ್ಯನಾಗಿದ್ದ. ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಅವನ ಫೋನು ಬಂತು. ಪುಟ್ಟ ಹುಡುಗಿಯೊಬ್ಬಳ ಕಾಲುಗಳು ಹಿಂದಿನ ದಿನ ಸೋತಿದ್ದವು. ಈಗ ಕೈಗಳೂ ಏಳುತ್ತಿರಲಿಲ್ಲ. ಮನೆಯವರು ಹಾಸಿಗೆಯಲ್ಲಿ ಸಿಕ್ಕ ಸತ್ತ ಜೇಡವೊಂದನ್ನು ಬೆಂಕಿಪೊಟ್ಟಣದಲ್ಲಿ ತಂದಿದ್ದರು.

ಜೇಡಮ್ಮ ಆಸ್ಪತ್ರೆಗೆ ಧಾವಿಸಿ, ಪೊಟ್ಟಣ ತೆರೆದು ನೋಡಿದರು. “ಇದು ಗೋಡೆ ಜೇಡ. ಇದರಿಂದ ಯಾರಿಗೂ ಹೀಗಾಗಲ್ಲ.”

ವೈದ್ಯನ ಮುಖ ಕಪ್ಪಿಟ್ಟಿತು. ಇದ್ದ ಒಂದು ಎಳೆಯೂ ಕಡಿದಿತ್ತು. ಮಗುವಿನ ಉಸಿರು ಮೇಲುಮೇಲಕ್ಕೆ ಬರುತ್ತಿತ್ತು. ಕೃತಕ ಉಸಿರಾಟದ ಯಂತ್ರ ತರಲು ಅವನು ಹೇಳಿ ಕಳಿಸಿದ.

ಮೂಲೆಯಲ್ಲಿ ಕೂತಿದ್ದ ಅಜ್ಜಿ ಗೊಣಗಿದರು: “ಉಣ್ಣೆ ಹತ್ತಿದೆ ಅಂತ ಬಂದಾಗಿಂದ ಬಡ್ಕೋತಿದೀನಿ. ಯಾರು ಕೇಳ್ತಾರೆ?”

“ಕೇಳಿದೀವಲ್ಲ ಅಜ್ಜಿ,” ಎಂದಳು ನರ್ಸು. “ಉಣ್ಣೆ ಟೋಪಿ ತೆಗೆದ್ವಿ, ಕಂಬಳಿ ಬದಲಾಯಿಸಿ ಹತ್ತಿ ಹೊದಿಕೆ ಹೊದಿಸಿದ್ವಿ.”

ಜೇಡಮ್ಮ ತಟ್ಟನೆ ತಿರುಗಿದರು. ಅಜ್ಜಿಯ ಮುಂದೆ ಮಂಡಿಯೂರಿ ಕೂತು ಕೇಳಿದರು: “ಯಾವ ಉಣ್ಣೆ ಅಜ್ಜಿ? ಹೆಣೆಯೋದಾ, ಹರಿದಾಡೋದಾ?”

“ಹರಿದಾಡೋದು ಕಣಮ್ಮ. ನಾಯಿ ಕಿವೀಲಿ ಕಚ್ಕೊಂಡಿರುತ್ತಲ್ಲ, ಅದು. ಇವಳ ಕತ್ತಿಂದ ಒಂದನ್ನ ನಾನೇ ಕಿತ್ತು ಹಾಕ್ದೆ.”

“ಒಂದಿದ್ದ ಕಡೆ ಇನ್ನೊಂದಿರುತ್ತೆ,” ಎಂದರು ಜೇಡಮ್ಮ, ಶಿಷ್ಯನತ್ತ ತಿರುಗಿ. “ಅದರ ಜೊಲ್ಲಿನ ನಂಜಿಗೆ ಹೀಗೆ ಕೈಕಾಲು ಬೀಳೋದುಂಟು. ತಲೆ ಹುಡುಕಬೇಕು.”

“ಮೇಡಂ, ಹೊತ್ತಿಲ್ಲ.”

“ಯಂತ್ರ ಬರೋವರೆಗೂ ಇದೆಯಲ್ಲ. ಜಡೆ ಬಿಚ್ಚು.”

ದಟ್ಟ ಕೂದಲು. ಅವನು ಎಡದಿಂದ, ಇವರು ಬಲದಿಂದ, ಬೈತಲೆ ತೆಗೆಯುತ್ತ ಬಂದರು. ತಾಯಿ ಸೆರಗಿನ ಅಂಚು ಕಚ್ಚಿ ನಿಂತಿದ್ದಳು. ಯಂತ್ರದ ಗಾಲಿಗಳ ಸದ್ದು ಬಾಗಿಲಿಗೆ ಬಂದಾಗಲೂ ಏನೂ ಸಿಕ್ಕಿರಲಿಲ್ಲ. ಬಲಗಿವಿಯ ಹಿಂದೆ, ಕೂದಲಿನ ಬುಡದಲ್ಲಿ, ಜೇಡಮ್ಮನವರ ಬೆರಳಿಗೆ ಹರಳುಬೀಜದಂಥ ಗಂಟು ತಗುಲಿತು.

“ಹಿಂಡಬೇಡ. ಚರ್ಮದ ಹತ್ತಿರ ಹಿಡಿದು ನೇರ ಎಳಿ.”

ಚಿಮಟದ ತುದಿಯಲ್ಲಿ ಅದು ಕಾಲಾಡಿಸುತ್ತ ಹೊರಬಂತು.

ಯಂತ್ರವನ್ನು ಮಂಚದ ಪಕ್ಕದಲ್ಲೇ ನಿಲ್ಲಿಸಿಕೊಂಡು ಕಾದರು. ಹೊತ್ತು ಕಂತುವಷ್ಟರಲ್ಲಿ ಉಸಿರು ಹದಕ್ಕೆ ಬಂತು, ಮರುದಿನ ಬೆಳಿಗ್ಗೆ ಹುಡುಗಿ ಹೊದಿಕೆ ಒದ್ದು, “ನನ್ನ ಜಡೆ ಯಾರು ಬಿಚ್ಚಿದ್ದು?” ಎಂದು ಜಗಳ ತೆಗೆದಳು. ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದ ಅಜ್ಜಿ ಆಗ ಅತ್ತರು.

ಆ ತಿಂಗಳು ಪದಕೋಶದ ಸಮಿತಿಯ ಮುಂದೆ, ಅರ್ಥ ಗೊಂದಲವಾಗುತ್ತದೆಂದು ‘ಉಣ್ಣೆ’ಯನ್ನು ಕೈಬಿಟ್ಟು, ಅದೇ ಜೀವಿಯ ಇನ್ನೊಂದು ಹೆಸರಾದ ‘ಉಣುಗು’ ಒಂದನ್ನೇ ಉಳಿಸುವ ಸಲಹೆಯಿತ್ತು, ಸಲಹೆ ಜೇಡಮ್ಮನವರದೇ. ಅವರು ಅದನ್ನು ಹಿಂದಕ್ಕೆ ಪಡೆದರು. ಅಧ್ಯಕ್ಷರು ಸಿಡುಕಿದಾಗ, “ಸಾರ್, ಹೆಸರು ಇಡೋದು ನಾವಲ್ಲ. ಕೂಗೋರು ಹೇಗೆ ಕೂಗ್ತಾರೋ ಹಾಗೇ ನಮಗೆ ಕೇಳಿಸಬೇಕು,” ಎಂದರಂತೆ. ಒಂದು ಜೀವಿಗೆ ಒಂದೇ ಹೆಸರೆಂಬ ಹಟ ಅಂದಿಗೆ ಮುಗಿಯಿತು.

ಇಂದು ಅವರು ನಿವೃತ್ತರಾಗುತ್ತಿದ್ದಾರೆ. ಏಡಿ, ಸೀಗಡಿಗಳ ಸಂಪುಟ ಇನ್ನೂ ಅರ್ಧದಲ್ಲಿದೆ. ಕಡಲಂಚಿನ ಮನೆಗಳಲ್ಲಿ ಹೇಳುವ ಬಾಯಿಗಳು ಬಹಳ. ಅವೆಲ್ಲವನ್ನೂ ಕೂತು ಕೇಳುವಷ್ಟು ಆಯುಸ್ಸು, ಗಟ್ಟಿ ಮಂಡಿ, ಚುರುಕು ಕಿವಿ ಅವರಿಗಿರಲಿ.