ಅವರು ನೀರು ಹಾಕ್ತಾರೆ

ನೀರಿನ ಫಿಲ್ಟರ್ ಹೊರಗೆ ಬಿಡುವ ನೀರು, ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು, ಒಂದನ್ನೂ ನಾನು ಚೆಲ್ಲುವುದಿಲ್ಲ. ಹಿತ್ತಲಿನ ಬಕೆಟ್ಟಿಗೆ ತುಂಬಿಡುತ್ತೇನೆ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗಿದರೆ ನನಗೆ ತಡೆಯುವುದಿಲ್ಲ. ನಮ್ಮ ಯಜಮಾನರಿಗೆ ಇದೆಲ್ಲ ತಮಾಷೆ.

"ಭೂಮಿ ಬಿಸಿ ಆಗ್ತಿರೋದು ನಿನ್ನ ಬಕೆಟ್ಟಿಂದಲ್ಲ ಕಣೇ. ಗಾಜಿನ ಬಿಲ್ಡಿಂಗ್ ಕಟ್ಕೊಂಡು ಹಗಲೂ ರಾತ್ರಿ ಏಸಿ ಹಾಕ್ಕೊಂಡಿದಾರಲ್ಲ, ಆ ಕಂಪನಿಯೋರಿಂದ. ಅದಕ್ಕೆ ಪರ್ಮಿಷನ್ ಕೊಡೋ ಸರ್ಕಾರದಿಂದ. ಅವರು ಸರಿ ಮಾಡ್ಬೇಕು" ಅನ್ನುತ್ತಾರೆ.

ಹಾಗಂತ ಸುಮ್ಮನೆ ಕೂರುವವರಲ್ಲ. ಫ್ಯಾಕ್ಟರಿಯಿಂದ ರಿಟೈರ್ ಆದ ಮೇಲೆ ಬೆಳಗಿನ ಕಾಫಿ ಮುಗಿದರೆ ಸಾಕು, ಯಾವುದಾದರೂ ಒಂದು ಆಫೀಸಿಗೆ ಫೋನ್ ಮಾಡಿ ತರಾಟೆಗೆ ತೆಗೆದುಕೊಳ್ಳುತ್ತಾರೆ. ಅವರ ಮಾತು ಸುಳ್ಳೆಂದು ನಾನು ಯಾವತ್ತೂ ಅಂದಿಲ್ಲ. ಆದರೆ ಫೋನ್ ಮಾಡಿದ್ದರಿಂದ ಏನಾದರೂ ಆಗಿದ್ದನ್ನೂ ನಾನು ಕಂಡಿರಲಿಲ್ಲ.

ವಿಜಯನಗರದ ನಮ್ಮ ಮನೆಗೆ ಪಶ್ಚಿಮದ ಬಾಗಿಲು. ಎದುರಿಗೆ ಒಂದು ಹಳೆಯ ಹೊಂಗೆ ಮರ ಇರುವಷ್ಟು ದಿನ ಅದು ಗೊತ್ತೇ ಆಗಿರಲಿಲ್ಲ. ಚರಂಡಿ ಕೆಲಸಕ್ಕೆಂದು ಅದನ್ನು ಕಡಿದರು ನೋಡಿ, ಮಾರನೆಯ ದಿನದಿಂದಲೇ ಮಧ್ಯಾಹ್ನದ ಬಿಸಿಲು ನೇರ ಹಾಲಿಗೆ ನುಗ್ಗತೊಡಗಿತು. ನೆಲಕ್ಕೆ ಬರಿಗಾಲು ಇಡುವಂತಿಲ್ಲ. ನನಗೆ ಸಂಜೆಯಾಗುವಷ್ಟರಲ್ಲಿ ತಲೆನೋವು. ಆಮೇಲೆ ಯಾವುದೋ ಕಂಪನಿಯವರು ಅದೇ ಜಾಗದಲ್ಲಿ ಒಂದು ಹೊಂಗೆ ಸಸಿ ನೆಟ್ಟು, ಸುತ್ತ ಕಬ್ಬಿಣದ ಬೇಲಿ ಹಾಕಿ, ಸಸಿಗಿಂತ ದೊಡ್ಡ ಬೋರ್ಡು ತಗುಲಿಸಿ, ಫೋಟೋ ತೆಗೆಸಿಕೊಂಡು ಹೋದರು. ಹೋದವರು ಇತ್ತ ತಲೆ ಹಾಕಿಯೂ ಮಲಗಲಿಲ್ಲ. ದಿನಾ ನೀರು ಹಾಕಿದವಳು ನಾನು. ಆ ವರ್ಷ ದೇವರ ಮುಂದೆ ನಿಂತಾಗ ನಾನು ಕೇಳಿಕೊಂಡಿದ್ದು ಒಂದೇ, ಈ ಸಸಿ ಬೇಸಿಗೆ ದಾಟಲಿ ಎಂದು.

ಬೇಸಿಗೆಯ ನಡುವೆಯೇ ನಂದಿನಿ ಲೇಔಟ್‌ನಲ್ಲಿರುವ ಅಕ್ಕನಿಗೆ ಮಂಡಿ ಆಪರೇಷನ್ ಆಯಿತು. ಎರಡು ವಾರ ಅವಳ ಜೊತೆ ಇರಲು ಹೊರಟೆ. ನಮ್ಮ ಮಹಡಿ ಮೇಲೆ ಬಾಡಿಗೆಗೆ ಇರುವ ಹುಡುಗಿ, ಹೊಸದಾಗಿ ಮದುವೆಯಾದವಳು, ಗೇಟಿನ ಹತ್ತಿರ ಸಿಕ್ಕಿ, "ಆಂಟಿ, ಗಿಡಕ್ಕೆ ನಾನು ನೀರು ಹಾಕ್ಲಾ?" ಎಂದು ಕೇಳಿದಳು. ಮನೆಯಿಂದಲೇ ಆಫೀಸು ಕೆಲಸ ಮಾಡುವವಳು, ಅವಳಿಗೇಕೆ ತೊಂದರೆ ಎಂದು, "ನೀನು ತಲೆ ಕೆಡಿಸ್ಕೋಬೇಡಮ್ಮ, ಅವರು ಹಾಕ್ತಾರೆ" ಅಂದೆ.

ನನ್ನ ಬಾಯಲ್ಲಿ ಅವರು ಅಂದರೆ ಒಬ್ಬರೇ. ಮದುವೆಯಾದಾಗಿನಿಂದ ನಾನು ಗಂಡನ ಹೆಸರು ಹೇಳಿದವಳಲ್ಲ. ಆ ಹುಡುಗಿ ಗಂಡನನ್ನು ಹೆಸರು ಹಿಡಿದು ಕರೆಯುತ್ತಾಳೆ, ಸಿಟ್ಟು ಬಂದಾಗ ಲೋ ಅಂತಲೂ ಅನ್ನುತ್ತಾಳೆ. ಅವಳಿಗೆ ಅವರು ಅಂದರೆ ಗಿಡ ನೆಟ್ಟವರು. ಆ ಸಂಜೆ ನಮ್ಮವರು ಕಂಡಾಗ, "ಅಂಕಲ್, ಇನ್ಮೇಲೆ ಗಿಡಕ್ಕೆ ಅವರೇ ನೀರು ಹಾಕ್ತಾರಂತೆ, ಆಂಟಿ ಹೇಳಿದ್ರು" ಅಂದಳಂತೆ. ನಮ್ಮವರ ಅವರು ಯಾರು ಎಂಬುದು ನಿಮಗೆ ಗೊತ್ತೇ ಇದೆ. ತಮ್ಮ ಫೋನಿಗೆ ಕೊನೆಗೂ ಬೆಲೆ ಬಂತು ಎಂದು ಪಾರ್ಕಿನ ಗೆಳೆಯರಿಗೆಲ್ಲ ಹೇಳಿಕೊಂಡು ಬಂದರಂತೆ.

ಅಕ್ಕನ ಮನೆಯಿಂದ ನಾನು ಫೋನ್ ಮಾಡಿದಾಗಲೆಲ್ಲ ತಪ್ಪದೆ ಕೇಳುತ್ತಿದ್ದೆ, "ರೀ, ಗಿಡಕ್ಕೆ ನೀರು ಹಾಕಿದ್ರಾ?"

"ಹೂಂ, ಆಗಿದೆ" ಅನ್ನುತ್ತಿದ್ದರು.

ನೀವು ಹಾಕಿದಿರಾ ಎಂದು ನಾನು ಕೇಳಿದ್ದು. ಅವರು ಹಾಕಿದರಾ ಎಂದು ಇವರಿಗೆ ಕೇಳಿಸಿದ್ದು. ಗಂಡನಿಗೆ ಮರ್ಯಾದೆ ಕೊಟ್ಟು ಮಾತಾಡಿದರೆ ಇದೂ ಒಂದು ಕಷ್ಟ. ಇನ್ನು ಆಗಿದೆ ಎಂದು ಅಷ್ಟು ಧೈರ್ಯವಾಗಿ ಹೇಗೆ ಹೇಳಿದರೆಂದರೆ, ಎದುರು ಮನೆಯವರು ಬೆಳಿಗ್ಗೆ ಬಾಗಿಲಿಗೆ ಹಾಕಿದ ನೀರು ರಸ್ತೆಯಲ್ಲಿ ಹರಿದಿರುತ್ತಿತ್ತು. ಅದನ್ನು ಕಂಡು, ಗಿಡಕ್ಕೆ ನೀರು ಹಾಕುವ ಕಂಪನಿ ಟ್ಯಾಂಕರ್ ಬಂದು ಹೋಗಿದೆ ಎಂದುಕೊಂಡಿದ್ದರು.

ನಾನು ವಾಪಸ್ ಬಂದು ಆಟೋದಿಂದ ಇಳಿದಾಗ ಸಸಿಯ ಎಲೆಗಳು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಬ್ಯಾಗು ರಸ್ತೆಯಲ್ಲೇ ಬಿಟ್ಟು ಕೂಗಿದೆ.

"ಏನ್ರೀ ಇದು? ಒಂದು ಚೊಂಬು ನೀರು ಹಾಕೋಕಾಗ್ಲಿಲ್ವಾ ನಿಮಗೆ?"

"ಅವರು ಹಾಕ್ತಾರೆ ಅಂತ ನೀನೇ ಹೇಳಿದ್ಯಂತಲ್ಲೇ!"

"ಅವರು ಅಂದ್ರೆ ನೀವು ಕಣ್ರೀ!"

ಮೆಟ್ಟಿಲ ಮೇಲೆ ನಿಂತಿದ್ದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ನಮ್ಮವರು ಒಮ್ಮೆ ನನ್ನನ್ನು, ಒಮ್ಮೆ ಗಿಡವನ್ನು ನೋಡಿ, "ನಾನಾ?" ಅಂದರು. ಇಷ್ಟು ವರ್ಷ ಸಂಸಾರ ಮಾಡಿ ಅವರ ಬಾಯಿಂದ ಅಷ್ಟು ಸಣ್ಣ ದನಿ ನಾನು ಕೇಳಿರಲಿಲ್ಲ. ಅಳು ಬರುತ್ತಿದ್ದವಳಿಗೆ ನಗು ಬಂತು. ಹುಡುಗಿಯೂ ನಕ್ಕಳು. ಅವರು ನಗಲಿಲ್ಲ. ಸೀದಾ ಹಿತ್ತಲಿಗೆ ಹೋಗಿ ಬಕೆಟ್ ಎತ್ತಿಕೊಂಡು ಬಂದರು.

ಕಾಂಡವನ್ನು ಉಗುರಲ್ಲಿ ಕೆರೆದು ನೋಡಿದೆ. ಒಳಗೆ ಇನ್ನೂ ಹಸಿರಿತ್ತು. ಬೆಳಿಗ್ಗೆ ಸಂಜೆ ಅವರೇ ನೀರು ಹಾಕಿದರು, ನನಗೆ ಬಕೆಟ್ ಮುಟ್ಟಲೂ ಬಿಡಲಿಲ್ಲ. ಕೆಲವು ದಿನ ಏನೂ ಕಾಣಲಿಲ್ಲ. ಆಮೇಲೆ ಬುಡದ ಹತ್ತಿರ ಹೊಳೆಯುವ ಎಳೆ ಚಿಗುರು ಬಂತು. ಆ ದಿನ ನಾನು ಪಾಯಸ ಮಾಡಿದೆ. ಯಾಕೆ ಎಂದು ಅವರು ಕೇಳಲೂ ಇಲ್ಲ, ಎರಡು ಸಲ ಹಾಕಿಸಿಕೊಂಡು ತಿಂದರು.

ಇನ್ನು ಫೋನಿನ ಕಾಟ ತಪ್ಪಿತು ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಗಿಡಕ್ಕೆ ನೀರು ಹಾಕಿ, ಪಂಚೆಗೆ ಕೈ ಒರೆಸಿಕೊಂಡು, ಹಾಲಿನಲ್ಲಿ ಕೂತು ಆ ಕಂಪನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿಯೇ ಮಾತಾಡುವುದು ಅವರ ಅಭ್ಯಾಸ.

"ನಮ್ಮ ರಸ್ತೇಲಿ ನೀವು ನೆಟ್ಟಿರೋ ಗಿಡಕ್ಕೆ ನೀರು ಹಾಕ್ತಾ ಇಲ್ಲ ನೀವು" ಅಂದರು.

"ಗಿಡ ಒಣಗಿ ಹೋಗಿದ್ಯಾ ಸಾರ್?" ಎಂದು ಆ ಕಡೆಯಿಂದ ಒಬ್ಬಳು ಹುಡುಗಿ ಕೇಳಿದಳು.

"ಇಲ್ಲಮ್ಮ, ಚೆನ್ನಾಗಿ ಚಿಗುರಿದೆ. ದಿನಾ ನಾನೇ ಹಾಕ್ತಾ ಇದೀನಿ."

"ಹಾಗಾದ್ರೆ ಕಂಪ್ಲೇಂಟ್ ಏನು ಸಾರ್?"

"ಅದೇ ಕಂಪ್ಲೇಂಟು. ನಾನು ಹಾಕ್ತೀನಿ ಅಂತ ನೀವು ಕೈ ಬಿಡೋ ಹಾಗಿಲ್ಲ. ಬರ್ಕೊಳ್ಳಿ."

ನಾನು ಒಲೆ ಆರಿಸಿ, ಅಡುಗೆಮನೆಯಿಂದಲೇ ಕೂಗಿ ಹೇಳಿದೆ, "ಇನ್ನೂ ಸ್ವಲ್ಪ ಜೋರಾಗಿ ಹೇಳ್ರೀ!"